ಭುಜಂಗಣ್ಣನ ‘ಈಗ ಅಲ್ಲ’

ಕಾಪುವಿನ ಕಡಲಂಚಿನಲ್ಲಿ ದೀಪಸ್ತಂಭ ಎದ್ದ ಮೇಲೆ, ಆ ಊರಿನಲ್ಲಿ ಗಾಳಿಮಳೆಗೆ ಅಲುಗದೆ ನಿಂತ ಎರಡನೆಯ ವಸ್ತುವೆಂದರೆ ಭುಜಂಗ ಸಾಲಿಯಾನರ ‘ಈಗ ಅಲ್ಲ’ ಎಂಬ ಮಾತು. ಅದನ್ನು ಉರುಳಿಸಲು ಮಣಿಪಾಲದಿಂದ ಇಂಜಿನಿಯರುಗಳ ಪಡೆ ದಂಡೆತ್ತಿ ಬಂದದ್ದುಂಟು. ಕಾರ್ಕಳದ ದಂತವೈದ್ಯರೊಬ್ಬರು ಎರಡು ಭಾನುವಾರಗಳನ್ನು ಬಲಿಕೊಟ್ಟದ್ದುಂಟು. ಯಾವ ಕಾರಿನ ಕಂಪ್ಯೂಟರನ್ನಾದರೂ ಅರ್ಧ ದಿನದಲ್ಲಿ ಕಿತ್ತು ಕೂರಿಸಬಲ್ಲ ಉದ್ಯಾವರದ ಲೆಸ್ಟರ್ ಎಂಬ ಮಹಾರಥಿ ಕೂಡ ಆಯುಧಸಮೇತ ಅಂಗಳದವರೆಗೆ ಬಂದು, ಚಹಾ ಕುಡಿದು ಹಿಂದಿರುಗಿದ್ದುಂಟು. ಎಲ್ಲರದೂ ಒಂದೇ ಪ್ರಶ್ನೆ: ಹಳದಿ ಕಾರಿಗೆ ಹೊಸ ಕಂಪ್ಯೂಟರ್ ಹಾಕುವುದು ಯಾವಾಗ?

ಕಾರು ಜಪಾನಿನದು, ಎರಡೇ ಸೀಟಿನದು. ಅದರಲ್ಲಿ ಕುಳಿತವನನ್ನು ಬೀದಿನಾಯಿ ಸರಿಸಮಾನನೆಂದು ಭಾವಿಸಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ, ಅಷ್ಟು ತಗ್ಗು. ಮುಂಬಯಿಯ ಹೋಟೆಲ್ ಧಣಿಯೊಬ್ಬರು ತಮ್ಮ ಮಂಡಿಗಳು ಮುಷ್ಕರ ಹೂಡಿದ ಮೇಲೆ ಭುಜಂಗಣ್ಣನಿಗೆ ಮಾರಿದರು. ಭುಜಂಗಣ್ಣ ಅದರ ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುವ ದೊಡ್ಡ ಟರ್ಬೋ ಕೂರಿಸಿದರು. ಆದರೆ ಎಷ್ಟು ಪೆಟ್ರೋಲು ಬಿಡಬೇಕು, ಯಾವಾಗ ಕಿಡಿ ಹೊತ್ತಿಸಬೇಕು ಎಂದು ನಿರ್ಧರಿಸುವ ಕಂಪ್ಯೂಟರ್ ಮಾತ್ರ ಹಳೆಯದೇ ಉಳಿಯಿತು. ಅದು ಪಿಂಚಣಿಗೆ ಎರಡು ತಿಂಗಳಿರುವ ಗುಮಾಸ್ತನಂಥದು. ಎಂಜಿನ್ ಹುಮ್ಮಸ್ಸಿನಿಂದ ಉಸಿರೆಳೆದರೆ ಗಾಬರಿಬಿದ್ದು ಪೆಟ್ರೋಲನ್ನೇ ನಿಲ್ಲಿಸುತ್ತದೆ, ಕಾರು ಬಿಕ್ಕುತ್ತದೆ. ಇದಕ್ಕೆ ಪರಿಹಾರವಾದ ಹೊಸ ಕಂಪ್ಯೂಟರ್ ನಾಲ್ಕು ವರ್ಷಗಳ ಹಿಂದೆಯೇ ಪಾರ್ಸೆಲ್‌ನಲ್ಲಿ ಬಂದು, ಜಗಲಿಯ ಕಬ್ಬಿಣದ ಕಪಾಟಿನ ಮೇಲೆ ತನ್ನ ಪೆಟ್ಟಿಗೆಯೊಳಗೆ ಯೋಗನಿದ್ರೆಯಲ್ಲಿತ್ತು.

ಭುಜಂಗಣ್ಣ ಸ್ವಲ್ಪ ಎಡಕ್ಕೆ ಕತ್ತು ವಾಲಿಸಿ ನಡೆಯುತ್ತಾರೆ. ಮಸ್ಕತ್ತಿನ ಗ್ಯಾರೇಜಿನಲ್ಲಿ ಇಪ್ಪತ್ತಾರು ವರ್ಷ ಎಂಜಿನ್ನುಗಳಿಗೆ ಕಿವಿಗೊಟ್ಟು ಆ ಕತ್ತು ಹಾಗೆಯೇ ನಿಂತುಬಿಟ್ಟಿದೆ. ಈಗ ನಾವು ಮಾತಾಡಿದರೂ ನಮ್ಮಲ್ಲೇನೋ ಸದ್ದು ಸರಿಯಿಲ್ಲವೆಂಬಂತೆ ಆಲಿಸುತ್ತಾರೆ. ಮೈಮೇಲೆ ಅಲ್ಲಿಯದೇ ನೀಲಿ ಕೋಟು. ಅದರ ಜೇಬಿನ ಮೇಲೆ ಹಳದಿ ದಾರದಲ್ಲಿ ‘ನಾಸಿರ್’ ಎಂಬ ಕಸೂತಿ. ಮೊದಲ ದಿನ ಉಗ್ರಾಣದವನು ತಪ್ಪಿ ಕೊಟ್ಟದ್ದು. ವಾಪಸ್ಸು ಕೊಡಲು ಸಂಕೋಚವಾಗಿ, ಇಪ್ಪತ್ತಾರು ವರ್ಷ ನಾಸಿರ್ ಎಂದು ಕೂಗಿದಾಗಲೆಲ್ಲ ಓಗೊಟ್ಟರು. “ಅಳತೆ ಸರಿ ಇತ್ತಲ್ಲ ಮಾರಾಯ್ರೆ,” ಎಂಬುದು ಅವರ ಸಮಜಾಯಿಷಿ.

ಅವರ ವಿದ್ಯೆಯ ಬಗ್ಗೆ ಮಾತ್ರ ಯಾರಿಗೂ ಸಂಶಯವಿಲ್ಲ. ಶಂಕರಪುರದಲ್ಲಿ ಮಲ್ಲಿಗೆ ಅಂಗಡಿ ಇಟ್ಟಿರುವ ರಿಯಾಝ್ ಒಮ್ಮೆ ತನ್ನ ಕಾರಿಗೆ ಎಳೆತವೇ ಇಲ್ಲವೆಂದು, ಮೊಬೈಲಿನಲ್ಲಿ ನಕ್ಷೆಗಳನ್ನು ತೋರಿಸುತ್ತ, ಕಂಪ್ಯೂಟರನ್ನೇ ಬದಲಿಸಬೇಕೆಂದು ಹಟ ಹಿಡಿದು ಬಂದ. ಭುಜಂಗಣ್ಣ ಬಾನೆಟ್ಟನ್ನು ಎರಡು ಸಲ ತಟ್ಟಿದರು. “ನೋಡುವ,” ಎಂದರು. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದರೆ, ಮಲ್ಲಿಗೆ ಕಟ್ಟುವ ಬಾಳೆನಾರನ್ನೆಲ್ಲ ತಂದು ಹೆಣೆದ ಭವ್ಯ ಗೂಡು.

“ಕಂಪ್ಯೂಟರಿಗೆ ಎಂತ ಆಗಲಿಲ್ಲ ರಿಯಾಝ್,” ಎಂದರು ಭುಜಂಗಣ್ಣ. “ಇಲಿಗೆ ಮರಿ ಆಗಿದೆ.”

ಇಂಥ ಕಿವಿಯುಳ್ಳವರು ನಾಲ್ಕು ವರ್ಷ ‘ಈಗ ಅಲ್ಲ’ ಎಂದರೆ ಅದರ ಹಿಂದೊಂದು ಮಹಾರಹಸ್ಯ ಇರಲೇಬೇಕಲ್ಲ? ಎಂಜಿನ್ ಪೂರ್ತಿ ಪಳಗಲೆಂದು ಕಾಯುತ್ತಿದ್ದಾರೆ ಎಂದರು ಮಣಿಪಾಲದವರು. ಕಡಲಗಾಳಿಯ ತೇವಕ್ಕೆ ಹೊಸ ಯಂತ್ರ ತಾಳದೆಂದು ದಂತವೈದ್ಯರು ಸಿದ್ಧಾಂತ ಮಂಡಿಸಿದರು. ನಾನು ಮಾತ್ರ ಇದು ಸಂಯಮ, ಕೈಯಲ್ಲಿ ಅಸ್ತ್ರವಿದ್ದೂ ಪ್ರಯೋಗಿಸದವನ ಸಂಯಮ ಎಂದು ಎರಡು ಮದುವೆ ಊಟಗಳಲ್ಲಿ ವ್ಯಾಖ್ಯಾನ ನೀಡಿದೆ. ಭುಜಂಗಣ್ಣ ಎಲ್ಲವನ್ನೂ ಕತ್ತು ವಾಲಿಸಿ ಕೇಳಿದರು. ಯಾವುದನ್ನೂ ಅಲ್ಲಗಳೆಯಲಿಲ್ಲ.

ಈ ಸಂಯಮಕ್ಕೆ ಬೆಲೆ ತೆರುತ್ತಿದ್ದವಳು ಮಗಳು ನಿಖಿತಾ. ಮಣಿಪಾಲದಲ್ಲಿ ಲ್ಯಾಬಿನ ಕೆಲಸ. ರಜೆಯಲ್ಲಿ ಕಾರಿನ ಹುಚ್ಚು. ಕಾರ್ಕಳದ ಹೊರಗೆ ಕೆಂಪು ಮುರಕಲ್ಲಿನ ಬಯಲಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ರೇಸಿನಲ್ಲಿ ಕಳೆದ ಸಲ ಅವಳು ಇದೇ ಹಳದಿ ಕಾರು ಓಡಿಸಿ, ಸೆಕೆಂಡಿನ ಮೂರನೇ ಒಂದು ಭಾಗದಿಂದ ಸೋತಿದ್ದಳು. ಕೊನೆಯ ತಿರುವಿನಲ್ಲಿ ಕಾರು ಬಿಕ್ಕಿತ್ತು. ಬರುವ ವರ್ಷ ಆ ಬಯಲಿನಲ್ಲಿ ಮನೆ ಸೈಟುಗಳಾಗುತ್ತವೆ. ಈ ಸಲದ್ದೇ ಕೊನೆಯ ರೇಸು.

ರೇಸಿನ ಹಿಂದಿನ ಶುಕ್ರವಾರ ಬೆಳಿಗ್ಗೆ ನಾನು ಅವರ ಜಗಲಿಯಲ್ಲಿದ್ದೆ.

“ಪಪ್ಪ, ಹಾಕುವುದಾದರೆ ಇವತ್ತೇ ಹಾಕಬೇಕು,” ಎಂದಳು ನಿಖಿತಾ. “ಅದಕ್ಕೆ ತುಂಬಿಸಬೇಕಾದ ಪೆಟ್ರೋಲಿನ, ಕಿಡಿಯ ಲೆಕ್ಕ ಎಲ್ಲ ನಾನು ಬರೆದಿಟ್ಟಾಗಿದೆ.”

“ನೋಡುವ.”

“ನಾಲ್ಕು ವರ್ಷ ನೋಡಿ ಆಯಿತು. ಇನ್ನು ಎಂತ ನೋಡುವುದು?”

“ಆ ಪೆಟ್ಟಿಗೆಯ ಧೂಳು ಒರೆಸುವವಳು ನಾನು,” ಎಂದರು ಒಳಗಿನಿಂದ ಅವಳ ತಾಯಿ ಕುಶಲಾ. “ಇನ್ನು ಒಂದು ದೀಪ ಇಡುವುದು ಬಾಕಿ ಉಂಟು.”

ನಾನು ಗಂಟಲು ಸರಿಪಡಿಸಿಕೊಂಡೆ. “ನಿಖಿತಾ, ನಿನ್ನ ಅಪ್ಪನ ಸಂಯಮ ಅಂದರೆ...”

“ಅಂಕಲ್, ಬಿಕ್ಕುವುದು ನಿಮ್ಮ ಕಾರಲ್ಲ, ಅಲ್ವಾ?” ಎಂದವಳೇ ಕುರ್ಚಿ ಹತ್ತಿ ಪೆಟ್ಟಿಗೆಯನ್ನು ಇಳಿಸಿಬಿಟ್ಟಳು.

ಭುಜಂಗಣ್ಣ ಎದ್ದು ನಿಂತರು. ಆ ಕತ್ತು ನೆಟ್ಟಗಾದದ್ದನ್ನು ನಾನು ಕಂಡದ್ದು ಅದೇ ಮೊದಲು.

“ಅದು ಆಗುವುದಿಲ್ಲ ಮಗಾ,” ಎಂದರು. “ಅದು ತೊಂಬತ್ತೇಳರ ಕಾರಿನದ್ದು. ಆರ್‌ಸಿಯಲ್ಲಿ ತೊಂಬತ್ತೇಳು ಅಂತ ಉಂಟಲ್ಲ, ಅದು ನೋಂದಣಿ ಆದ ವರ್ಷ. ಕಾರು ತಯಾರಾದದ್ದು ತೊಂಬತ್ತೈದರಲ್ಲಿ. ನಾನು ಕಾಗದ ನೋಡಿ ತರಿಸಿದೆ. ನಮ್ಮ ಕಾರಿನ ವೈರುಗಳ ಪ್ಲಗ್ಗು ಇದಕ್ಕೆ ಕೂರುವುದಿಲ್ಲ.”

ನಿಖಿತಾ ಬೈಯಲಿಲ್ಲ, ನಗಲೂ ಇಲ್ಲ. ಲೆಸ್ಟರನಿಗೆ ಫೋನು ಹಚ್ಚಿದಳು. ಅವನು ಬಂದು ಹಳೆಯ ಪ್ಲಗ್ಗಿಗೂ ಹೊಸದಕ್ಕೂ ನಡುವೆ ಗೇಣುದ್ದದ ವೈರುಗಳ ಸೇತುವೆ ಕಟ್ಟಿ, ಮಧ್ಯಾಹ್ನದ ಊಟದ ಹೊತ್ತಿಗೆ ಕೈ ತೊಳೆದ.

“ಇದು ನಿಮಗೆ ಕಣ್ಣು ಮುಚ್ಚಿ ಮಾಡುವ ಕೆಲಸ ಭುಜಂಗಣ್ಣ,” ಎಂದ. “ನನ್ನನ್ನು ಯಾಕೆ ಕರೆಸಿದ್ದು?” ಭುಜಂಗಣ್ಣ ಬಾನೆಟ್ಟು ತಟ್ಟುತ್ತ ನಿಂತರು.

ಭಾನುವಾರ ಕಾರು ಒಮ್ಮೆಯೂ ಬಿಕ್ಕಲಿಲ್ಲ. ನಿಖಿತಾ ಮತ್ತೆ ಎರಡನೆಯವಳಾಗಿಯೇ ಬಂದಳು. ಕೊನೆಯ ತಿರುವನ್ನು ತೀರ ಹೊರಗಿನಿಂದ ಸುತ್ತಿ ಬಂದಿದ್ದಳು. “ಇದು ನನ್ನ ತಪ್ಪು,” ಎಂದು ಹೆಲ್ಮೆಟ್ ತೆಗೆಯುತ್ತ ಎಷ್ಟು ಸಲೀಸಾಗಿ ಹೇಳಿದಳೆಂದರೆ, ಪಕ್ಕದಲ್ಲಿದ್ದ ಭುಜಂಗಣ್ಣ ಅವಳನ್ನು ಏನೋ ಹೊಸ ಯಂತ್ರ ಕಂಡಂತೆ ನೋಡಿದರು.

ಒಂದು ವಿದ್ಯೆಯಲ್ಲಿ ನಿಪುಣರಾದವರ ಕಷ್ಟವೇ ಇದಿರಬೇಕು. ನಮ್ಮಂಥವರು ದಿನಕ್ಕೆ ಹತ್ತು ತಪ್ಪು ಮಾಡಿ ಹಾಯಾಗಿ ಉಂಡು ಮಲಗುತ್ತೇವೆ; ಅವರಿಗೆ ಒಂದೇ ಒಂದು ತಪ್ಪಿಗೂ ನಾವು ಜಾಗ ಬಿಟ್ಟಿರುವುದಿಲ್ಲ. ಆಮೇಲೆ ಅವರ ಮುಜುಗರಕ್ಕೆ ನಾವೇ ಮಂಟಪ ಕಟ್ಟಿ, ಅದಕ್ಕೆ ತತ್ತ್ವವೆಂದು ಹೆಸರಿಟ್ಟು, ಸುತ್ತ ಪ್ರದಕ್ಷಿಣೆ ಬರುತ್ತೇವೆ. ಇಂಥ ಉದಾತ್ತ ವಿಚಾರಗಳಲ್ಲಿ ಮುಳುಗಿ, ಕಾರ್ಕಳದಿಂದ ಮರಳುವ ದಾರಿಯಲ್ಲಿ ನಾನು ಅವರನ್ನು ಕೇಳಿದೆ: ನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ನಿಜವಾದ ಕಾರಣ ಹೇಳಬಹುದಿತ್ತಲ್ಲ?

“ಹೇಳುವ ಅಂತಲೇ ಇದ್ದೆ ಮಾರಾಯ್ರೆ,” ಎಂದರು ಭುಜಂಗಣ್ಣ. “ಆದರೆ ನೀವು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದಿರಿ. ಎಲ್ಲವೂ ನನ್ನದಕ್ಕಿಂತ ಒಳ್ಳೆಯದಿತ್ತು.”