ಹನ್ನೆರಡನೆಯ ಪುಟ

ನಾನು ಶಿಕ್ಷಕರ ತರಬೇತಿಯ ಒಂದು ಕೈಪಿಡಿ. ವಿಜಯಪುರದ ಅಚ್ಚುಕೂಟವೊಂದರಲ್ಲಿ ಮದುವೆ ಕರೆಯೋಲೆಗಳ ಪಕ್ಕದಲ್ಲಿ ಹುಟ್ಟಿದೆ. ಒಂದನೆಯ, ಎರಡನೆಯ ತರಗತಿಯ ಒಂದು ಮಗುವೂ ಓದಿನಲ್ಲಿ ಹಿಂದೆ ಬೀಳದಂತೆ ಕಲಿಸುವುದು ಹೇಗೆಂದು ತಿಳಿಸುವುದು ನನ್ನ ಕೆಲಸ. ತರಬೇತಿಗೆ ಬಂದ ಶಿಕ್ಷಕರಲ್ಲಿ ಕೆಲವರು ನನ್ನ ಒಡಹುಟ್ಟಿದ ಪ್ರತಿಗಳಿಂದ ಗಾಳಿ ಬೀಸಿಕೊಂಡರು, ಕೆಲವರು ಅವುಗಳ ಮೇಲೆ ಮಿರ್ಚಿ ಭಜಿ ಇಟ್ಟುಕೊಂಡು ತಿಂದರು.

ಓದಿದವಳು ದಾನಮ್ಮ ಬಿರಾದಾರ ಒಬ್ಬಳೇ. ಲಂಬಾಣಿ ತಾಂಡಾದ ಶಾಲೆಗೆ ಅವಳೊಬ್ಬಳೇ ಶಿಕ್ಷಕಿ. ನನ್ನ ಹನ್ನೆರಡನೆಯ ಪುಟದಲ್ಲಿ ಅವಳ ಬೆರಳು ನಿಂತಿತು. ಓದು ಮಗುವಿನ ಮನೆಮಾತಿನಿಂದ ಶುರುವಾಗಲಿ, ಹಿಂದೆ ಕೂತ ಮಗುವಿನಿಂದ ಶುರುವಾಗಲಿ ಎಂದು ಅಲ್ಲಿತ್ತು. ಅವಳ ಮುಖ ಸಪ್ಪಗಾಯಿತು.

ಅವಳ ಶಾಲೆಯಲ್ಲಿ ಝಮಕಿ ಎಂಬ ಹುಡುಗಿ ಎರಡು ವರ್ಷದಿಂದ ಎಲ್ಲರ ಹಿಂದೆ, ಬಾಗಿಲ ಬಳಿಯೇ ಕೂತಿದ್ದಳು. ಎಲ್ಲರ ಜೊತೆ ಬಾಯಿ ಆಡಿಸುತ್ತಿದ್ದಳು, ಒಂದಕ್ಷರ ಬರುತ್ತಿರಲಿಲ್ಲ. ದಡ್ಡಿ ಎಂದು ಕೈಬಿಟ್ಟವಳು ದಾನಮ್ಮನೇ. ತರಬೇತಿಯ ಮರುದಿನ ಝಮಕಿಯನ್ನು ಮುಂದೆ ಕರೆದು, ಅವ್ವನಿಗೆ ನಿಮ್ಮಲ್ಲಿ ಏನಂತೀರಿ ಎಂದು ಕೇಳಿದಳು. ಹುಡುಗಿ ‘ಯಾಡಿ’ ಎಂದಳು. ದಾನಮ್ಮ ಅದನ್ನೇ ಹಲಗೆಯ ಮೇಲೆ ಬರೆದಳು. ವಾರದೊಳಗೆ ಝಮಕಿ ನನ್ನ ಹನ್ನೆರಡನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ಯಾಡಿ’ ಎಂದು ಗೀಚಿದಳು. ನನಗೆ ಜೀವ ಬಂದದ್ದು ಅಂದು.

ಝಮಕಿಯ ಅಪ್ಪ ಥಾವರು ಶಾಲೆಗೆ ಬಂದು ಹೇಳಿದ: “ದೀಪಾವಳಿ ಆದ ಮ್ಯಾಲ ಕಬ್ಬು ಕಡಿಯಾಕ ಹೋಗ್ತೀವ್ರಿ ಅಕ್ಕೋರ. ಅಷ್ಟರೊಳಗ ಈಕಿಗೆ ಓದಾಕ ಬಂದ್ರ ಅಜ್ಜಿ ಹತ್ರ ಬಿಡ್ತೀನಿ. ಇಲ್ಲಂದ್ರ ಅಲ್ಲಿ ಕೂಸು ನೋಡ್ಕೊಳ್ಳಾಕ ಬೇಕು.”

ಹಬ್ಬಕ್ಕೆ ಎರಡು ತಿಂಗಳಿತ್ತು, ಸಾಕಿತ್ತು. ಅಷ್ಟರಲ್ಲಿ ಶಾಲೆ ನೋಡಲು ಬಂದ ಸಾಹೇಬರು ಝಮಕಿಯ ಪಾಟಿ ನೋಡಿ ಹಿಗ್ಗಿ, ದಾನಮ್ಮ ಇನ್ನು ತಾಲ್ಲೂಕಿನ ಶಿಕ್ಷಕರಿಗೆಲ್ಲ ತರಬೇತಿ ಕೊಡಬೇಕು ಎಂದರು. ಹಬ್ಬ ಮುಗಿಯಲಿ ಎಂದು ಅವಳು ಅಂಗಲಾಚಿದಳು.

“ಒಂದ್ ಹುಡುಗಿ ಮಾರಿ ನೋಡ್ಕೋತ ಕುಂತ್ರ ತಾಲ್ಲೂಕು ನಡೀತದೇನ್ರಿ?” ಎಂದರು ಸಾಹೇಬರು.

ಶಾಲೆಗೆ ಬೀಗ ಬಿತ್ತು. ವಾರಕ್ಕೊಮ್ಮೆ ಬೇರೆ ಊರಿನ ಮಾಸ್ತರ ಬಂದು ಕಾಪಿ ಬರೆಸಿ ಹೋಗುತ್ತಿದ್ದ. ನಾನು ದಾನಮ್ಮನ ಚೀಲದಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ಅಲೆದೆ. ಹೋದಲ್ಲೆಲ್ಲ ಅವಳು ಹನ್ನೆರಡನೆಯ ಪುಟ ತೆರೆದು ಝಮಕಿಯ ಕಥೆ ಹೇಳಿದಳು. ಚಪ್ಪಾಳೆ ಬಿತ್ತು. ಹಿಂದೆ ಕೂತ ಮಗುವನ್ನು ಬಿಡಬೇಡಿ ಎಂದು ಊರಿಗೆಲ್ಲ ಹೇಳಲು, ಹಿಂದೆ ಕೂತ ಮಗುವನ್ನೇ ಬಿಟ್ಟು ಬಂದಿದ್ದೆವು. ಇಂಥ ಬುದ್ಧಿಗೇಡಿತನವನ್ನು ಮನುಷ್ಯರೇ ಮಾಡಬೇಕು.

ಹಬ್ಬ ಕಳೆದ ನಾಲ್ಕನೆಯ ದಿನ ತಾಂಡಾಕ್ಕೆ ಮರಳಿದೆವು. ಥಾವರುವಿನ ಗುಡಿಸಲ ಬಾಗಿಲಿಗೆ ಹಗ್ಗ ಬಿಗಿದಿತ್ತು. ಪಕ್ಕದಲ್ಲಿ ಅಜ್ಜಿ ಒಬ್ಬಳೇ ಕೂತಿದ್ದಳು.

“ಬೀಗ ಹಾಕಿದ ಸಾಲಿ ಮುಂದ ನಿಲ್ಲಿಸಿ, ಗ್ವಾಡಿ ಮ್ಯಾಲಿನ ಹೆಸರು ಓದು ಅಂದ ಅವರಪ್ಪ. ಬಾಳ ಹೊತ್ತು ನಿಂತ್ಲು. ‘ಯ’ ಒಂದು ಗುರ್ತು ಹಿಡದ್ಲು, ಅಕ್ಕೋರ. ಆಮ್ಯಾಲ ಕಬ್ಬಿನವರನ್ನ ಒಯ್ಯಾಕ ಟ್ರ್ಯಾಕ್ಟರ್ ಬಂತು.”

ದಾನಮ್ಮ ಮುಂದಿನ ತರಬೇತಿಯ ದಿನ ನನ್ನನ್ನು ಕೇಂದ್ರದ ಮೇಜಿನ ಮೇಲೆ ಬಿಟ್ಟು ಹೋದಳು, ಮರಳಿ ಕೇಳಲಿಲ್ಲ.

ಈಗ ಅಲ್ಲಿನ ಉಗ್ರಾಣದ ಗೋಣಿಚೀಲದಲ್ಲಿದ್ದೇನೆ. ನನ್ನ ಬೆನ್ನಿನ ಅಂಟನ್ನು ಇಲಿ ತಿಂದಿದೆ. ಮೊನ್ನೆ ಹೊಸ ಕೈಪಿಡಿಗಳ ಕಟ್ಟು ತಂದು ನನ್ನ ಮೇಲೆಯೇ ಎಸೆದರು. ಮಿರಿಮಿರಿ ಮಿಂಚುತ್ತಿವೆ. ಅವುಗಳ ಹನ್ನೆರಡನೆಯ ಪುಟದಲ್ಲಿ ಝಮಕಿಯ ಕಥೆ ಅಚ್ಚಾಗಿದೆಯಂತೆ, ಬಣ್ಣದ ಚಿತ್ರದೊಂದಿಗೆ. ಅದನ್ನು ಸಾವಿರ ಜನ ಓದಬಹುದು. ಅವಳು ಓದಲಾರಳು.