ತಪ್ಪಾಯ್ತು ಎನ್ನುವ ಮುಖ

ಬೀದಿಯಲ್ಲಿ ಅವಳನ್ನು ಎಲ್ಲರೂ ಹುಬ್ಬಿನಕ್ಕ ಎಂದೇ ಕರೆಯುತ್ತಿದ್ದರು. ದರ್ಜಿಯ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಒಂದೇ ಕೋಣೆಯ ಬ್ಯೂಟಿ ಪಾರ್ಲರ್ ಅವಳದು. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಎರಡೂ ಕೈಯ ಬೆರಳುಗಳಿಗೆ ಸುತ್ತಿ, ಕಾಡು ಬೆಳೆದಂತಿದ್ದ ಹುಬ್ಬನ್ನು ನೋಡುನೋಡುತ್ತಿದ್ದಂತೆ ಕಮಾನು ಮಾಡಿಬಿಡುತ್ತಿದ್ದಳು. ಬಾಯಲ್ಲಿ ದಾರವಿರುವುದರಿಂದ ಗಿರಾಕಿಗಳ ಮಾತಿಗೆಲ್ಲ ಅವಳದು 'ಹೂಂ' ಒಂದೇ ಉತ್ತರ. ಅತ್ತೆಯನ್ನು ಬೈಯುವ ಸೊಸೆಗೂ ಹೂಂ, ಮಾರನೇ ದಿನ ಸೊಸೆಯನ್ನು ಬೈಯಲು ಬಂದ ಅತ್ತೆಗೂ ಹೂಂ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತೇ ಆಡದವಳಿಗೆ ಜಗಳ ಎಲ್ಲಿಂದ ಬರಬೇಕು? ಅಷ್ಟಾಗಿಯೂ ಯಾರಾದರೂ ಸಿಟ್ಟಾದರೆ, ತಪ್ಪು ಯಾರದೆಂದು ವಿಚಾರಿಸುವ ಗೋಜಿಗೂ ಹೋಗದೆ ದಾರ ಉಗುಳಿ 'ತಪ್ಪಾಯ್ತು ಅಕ್ಕ' ಎಂದುಬಿಡುವಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂಬುದು ಅವಳ ಬಾಳಿನ ಒಂದೇ ವೇದಾಂತ.

ಇಂಥವಳ ಹೊಟ್ಟೆಯಲ್ಲಿ ಎಂಥ ಮಗಳು ಹುಟ್ಟಬೇಕು ಹೇಳಿ! ಕಡ್ಡಿ ತುಂಡು ಮಾಡಿದಂತೆ ಮಾತಾಡುವ ಮಗಳು. ಏರಿಳಿತವಿಲ್ಲದ ಅವಳ ದನಿಗೆ ಶಾಲೆಯ ಹುಡುಗಿಯರು 'ವಾರ್ತೆ' ಎಂದು ಅಡ್ಡಹೆಸರಿಟ್ಟಿದ್ದರು. ಹದಿನೈದು ತುಂಬಿತ್ತು. ಬೇರೆ ಹುಡುಗಿಯರು ಕನ್ನಡಿ ನೋಡುವ ವಯಸ್ಸಿನಲ್ಲಿ ಇವಳು ಪಾರ್ಲರಿನ ಬಾಟಲಿಗಳನ್ನು ತಿರುಗಿಸಿ ಬೆನ್ನಿನ ಮೇಲಿನ ಸಣ್ಣ ಅಕ್ಷರಗಳನ್ನು ಓದುತ್ತ ಕೂರುತ್ತಿದ್ದಳು. ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನವೂ ಅಲ್ಲ. ಒಮ್ಮೆ ಫೇಶಿಯಲ್ಲಿಗೆ ಕಣ್ಮುಚ್ಚಿ ಮಲಗಿದ್ದ ಗಿರಾಕಿಯ ತಲೆಯ ಹತ್ತಿರ ನಿಂತು, "ಆಂಟಿ, ಈ ಕ್ರೀಮಿನಲ್ಲಿ ಮುಕ್ಕಾಲು ಪಾಲು ನೀರು. ನೀವು ದುಡ್ಡು ಕೊಟ್ಟು ನೀರು ಹಚ್ಚಿಸ್ಕೊಳ್ತಿದೀರ" ಎಂದಿದ್ದಳು. ಆಂಟಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಟಿಸಂ ಎಂಬ ಮಾತನ್ನು ಮೊದಲು ಆಡಿದ್ದು ಮಕ್ಕಳ ಡಾಕ್ಟರು. ಹುಡುಗಿಗೆ ಆಗ ಹನ್ನೊಂದು. "ಇದು ಕಾಯಿಲೆ ಅಲ್ಲಮ್ಮ, ಇದಕ್ಕೆ ಔಷಧಿ ಅಂತ ಇಲ್ಲ. ಅವಳು ಲೋಕವನ್ನ ನೋಡೋ ರೀತಿನೇ ಹಾಗೆ. ನಾವೇ ಸ್ವಲ್ಪ ಹೊಂದ್ಕೋಬೇಕು" ಎಂದಿದ್ದರು. ಲಾರಿ ಓಡಿಸುವ ಗಂಡ ತಿಂಗಳಿಗೊಮ್ಮೆ ಮನೆಗೆ ಬರುವವನು. ಫೋನಿನಲ್ಲೇ, "ಹುಡುಗಿ ಚೆನ್ನಾಗೇ ಇದಾಳಲ್ಲ, ಸುಮ್ನೆ ಬಿಡು" ಎಂದ. ಬಿಡುವುದೆಲ್ಲಿಗೆ? ಡಾಕ್ಟರ ಮಾತಿನಲ್ಲಿ ಹುಬ್ಬಿನಕ್ಕನ ಕಿವಿಗೆ ಬಿದ್ದದ್ದು 'ಔಷಧಿ ಇಲ್ಲ' ಎಂಬುದಷ್ಟೇ. ಔಷಧಿಯಿಲ್ಲದ ಮುಖಗಳನ್ನು ತಿದ್ದಿಯೇ ಅಲ್ಲವೇ ಅವಳು ಹೊಟ್ಟೆ ಹೊರೆಯುತ್ತಿದ್ದದ್ದು? ಮಗಳ ಮುಖವನ್ನೂ ತಿದ್ದಲು ಕೂತಳು.

ವಾರದ ರಜೆಯ ದಿನ ಪಾರ್ಲರಿನ ಶಟರು ಅರ್ಧ ಇಳಿಸಿ ತಾಯಿ ಮಗಳು ಕನ್ನಡಿಯ ಮುಂದೆ ಕೂರುತ್ತಿದ್ದರು.

"ಎದುರಿನವರಿಗೆ ಸಿಟ್ಟು ಬಂದಿದೆ ಅಂತ ಹೇಗೆ ಗೊತ್ತಾಗತ್ತೆ?"

"ಎರಡು ಹುಬ್ಬು ಹತ್ತಿರ ಬರುತ್ತೆ."

"ಆಗ ಏನ್ಮಾಡ್ಬೇಕು?"

"ಆ ಹುಬ್ಬುಗಳ ಮಧ್ಯೆ ನೋಡ್ಬೇಕು. ಹಲ್ಲು ಕಾಣದ ಹಾಗೆ ತುಟಿ ಸ್ವಲ್ಪ ಅಗಲಿಸ್ಬೇಕು. ತಪ್ಪಾಯ್ತು ಅನ್ನಬೇಕು."

"ಜಾಣೆ."

"ಯಾವ ತಪ್ಪು ಅಂತ ಕೇಳ್ಬೋದಾ?"

"ಕೇಳ್ಬಾರ್ದು ಕಂದ. ಕೇಳಿದ್ರೆ ಸಿಟ್ಟು ಇನ್ನೂ ಏರತ್ತೆ. ತಪ್ಪಾಯ್ತು ಅಂದ್ರೆ ಎಂಥವರ ಸಿಟ್ಟೂ ಇಳಿಯತ್ತೆ."

ಹೀಗೆ ನಾಲ್ಕು ವರ್ಷ ನಡೆಯಿತು. ಪಾಠ ಮುಗಿಸಿ ಮನೆಗೆ ಹೋದರೆ ಮಗಳು ಕತ್ತಲೆ ಕೋಣೆಯಲ್ಲಿ ದಪ್ಪ ಕಂಬಳಿ ಮುಸುಕು ಹಾಕಿಕೊಂಡು ಮಲಗುವಳು. ಊಟಕ್ಕೆ ಕರೆದರೂ ಏಳಳು. ತಾಯಿಗೆ ಅದು ಕಾಣುತ್ತಿರಲಿಲ್ಲವೆಂದಲ್ಲ. ಕಂಡು ಕರುಳು ಚುರ್ ಎನ್ನುತ್ತಿತ್ತು. ಆದರೆ ಎರಡು ಶಾಲೆಗಳು 'ನಮ್ಮಿಂದ ಆಗಲ್ಲ' ಎಂದು ಕೈ ಎತ್ತಿದ್ದವು. ಇದು ಮೂರನೆಯದು. ಸೇರಿಸಿಕೊಳ್ಳುವಾಗಲೇ ಹೆಡ್ ಮೇಡಂ, "ಒಂದೇ ಒಂದು ದೂರು ಬಂದ್ರೂ ಕರ್ಕೊಂಡು ಹೋಗ್ಬೇಕು ನೋಡಿ" ಎಂದು ಹೇಳಿದ್ದರು. ಇಷ್ಟು ದಿನ ದೂರು ಬಂದಿರಲಿಲ್ಲ. ಕನ್ನಡಿಯ ಪಾಠದಿಂದಲೇ ಬಂದಿಲ್ಲ ಎಂದು ತಾಯಿ ನಂಬಿದ್ದಳು.

ಶಾಲೆಯಿಂದ ಫೋನು ಬಂದಾಗ ಅವಳು ಒಬ್ಬಳ ಹುಬ್ಬು ತೆಗೆಯುತ್ತಿದ್ದಳು. ಬಲಗಡೆಯದು ಮುಗಿದಿತ್ತು, ಎಡಗಡೆಯದು ಹಾಗೇ ಇತ್ತು. "ತಪ್ಪಾಯ್ತು ಅಕ್ಕ, ಈಗ ಬಂದೆ" ಎಂದು ಓಡಿದಳು. ಒಂದೇ ಹುಬ್ಬು ಮುಗಿದಿದ್ದ ಆ ಹೆಂಗಸು ಕುರ್ಚಿಯಲ್ಲಿ ಎಷ್ಟು ಹೊತ್ತು ಕೂತಿದ್ದಳೋ ಪಾಪ.

ಆದದ್ದು ಇಷ್ಟು. ಪರೀಕ್ಷೆ ನಡೆಯುವ ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ಹುಡುಗಿಗೆ ಬರೆಯಲಾಗಲಿಲ್ಲ. ಕ್ಲಾಸ್ ಟೀಚರು ಒಳ್ಳೆಯವರು, ಹೊರಗೆ ಮೊಗಸಾಲೆಯಲ್ಲಿ ಒಂದು ಬೆಂಚು ಹಾಕಿಸಿ ಕೂರಿಸಿದರು. ಆ ಬೆಂಚಿನ ಪಕ್ಕದ ಗೋಡೆಯಲ್ಲೇ, ಬೆಂಕಿ ಬಿದ್ದರೆ ಒತ್ತಬೇಕಾದ ಗಂಟೆಯ ಕೆಂಪು ಗುಂಡಿ. ಯಾರೋ ಒತ್ತಿದರು. ಇಡೀ ಕಟ್ಟಡ ಕಿರುಚಿಕೊಂಡಿತು. ಮಕ್ಕಳೆಲ್ಲ ಎದ್ದುಬಿದ್ದು ಮೆಟ್ಟಿಲು ಇಳಿದರು, ನೂಕುನುಗ್ಗಲಿನಲ್ಲಿ ಕೆಳಗಿನ ತರಗತಿಯ ಒಂದು ಮಗು ಬಿದ್ದು ಕೈ ಮುರಿದುಕೊಂಡಿತು. ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಗುಂಡಿಯ ಕೆಳಗೆ ಎರಡೂ ಕಿವಿ ಮುಚ್ಚಿಕೊಂಡು ಮುದುಡಿ ಕೂತಿದ್ದವಳು ಇವಳೊಬ್ಬಳೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಒತ್ತಿದವಳು ಓಡದೆ ಅಲ್ಲೇ ಯಾಕೆ ಕೂರುತ್ತಾಳೆ ಎಂದು ಯಾರಿಗೂ ಹೊಳೆಯಲಿಲ್ಲ.

ಹೆಡ್ ಮೇಡಂ ಕೋಣೆಯಲ್ಲಿ ಕೈ ಮುರಿದ ಮಗುವಿನ ಅಪ್ಪನೂ ನಿಂತಿದ್ದ. ಮಗಳು ಮೂಲೆಯಲ್ಲಿದ್ದಳು. ಇನ್ನೂ ಸಣ್ಣಗೆ ನಡುಗುತ್ತಿದ್ದಳು. ಆದರೆ ಮುಖದಲ್ಲಿ ನಗು. ಹಲ್ಲು ಕಾಣದ, ತುಟಿ ಸ್ವಲ್ಪವೇ ಅಗಲಿಸಿದ ನಗು. ನೋಡಿದ ತಕ್ಷಣ ಹುಬ್ಬಿನಕ್ಕನ ಎದೆ ಧಸಕ್ಕೆಂದಿತು. ತನ್ನ ಕೈಕೆಲಸ ತನಗೆ ಗೊತ್ತಾಗದೇ?

"ನೋಡಿ, ಹೇಗೆ ನಗ್ತಿದಾಳೆ!" ಎಂದ ಆ ಅಪ್ಪ. ಅವನ ದನಿ ಒಡೆದಿತ್ತು. "ನನ್ನ ಮಗು ಅಲ್ಲಿ ಆಸ್ಪತ್ರೆಲಿ ಅಳ್ತಾ ಇದೆ. ಇವಳಿಗೆ ನಗು!"

"ಏನು ಮಾಡಿದೀಯ ಗೊತ್ತಾ ಅಂದೆ. ತಪ್ಪಾಯ್ತು ಅಂದಳು, ನಗ್ತಾನೇ," ಎಂದರು ಮೇಡಂ. "ಒಪ್ಕೊಂಡ ಮೇಲೆ ಇನ್ನೇನಿದೆ?"

"ಮೇಡಂ, ಇವಳು ಮನೇಲಿ ಮಿಕ್ಸಿ ಹಾಕಿದ್ರೆ ಹಿತ್ತಲಿಗೆ ಓಡ್ತಾಳೆ. ಗಂಟೆ ಇವಳು..."

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಿಮ್ಮ ಸಂಕಟ ನಂಗೆ ಅರ್ಥ ಆಗತ್ತಮ್ಮ. ಆದ್ರೆ ಇಂಥ ಮಕ್ಕಳಿಗೆ ಅಂತ ಬೇರೆ ಶಾಲೆಗಳಿವೆ. ಅಲ್ಲಿಗೆ ಸೇರಿಸಿ."

ಹುಬ್ಬಿನಕ್ಕ ಮೇಡಮ್ಮಿನ ಮುಖ ನೋಡಿದಳು. ಹುಬ್ಬುಗಳು ಹತ್ತಿರ ಬಂದಿದ್ದವು. ಹತ್ತನೇ ತರಗತಿಯ ಪರೀಕ್ಷೆ ಕಣ್ಣ ಮುಂದೆ ಬಂತು, ನಾಲ್ಕನೇ ಶಾಲೆಯ ಬಾಗಿಲು ಬಂತು, ಆ ಬಾಗಿಲಲ್ಲಿ ಕೈಕಟ್ಟಿ ನಿಂತ ತಾನು ಬಂದಳು. ನಾಲಿಗೆ ತನ್ನ ಹಳೇ ದಾರಿ ಹಿಡಿಯಿತು.

"ತಪ್ಪಾಯ್ತು ಮೇಡಂ. ಹುಡುಗಿ ಬುದ್ಧಿ, ಒತ್ತಿಬಿಟ್ಟಿದಾಳೆ. ಇದೊಂದು ಸಲ ಹೊಟ್ಟೆಗೆ ಹಾಕ್ಕೊಳ್ಳಿ. ಅಣ್ಣ, ನೀವೂ ಕ್ಷಮಿಸ್ಬೇಕು." ಎರಡೂ ಕೈ ಮುಗಿದಳು.

ದೊಣ್ಣೆ ತಪ್ಪಿತು. ಸೋಮವಾರ ಬೆಳಗಿನ ಸಭೆಯಲ್ಲಿ, ಇಡೀ ಶಾಲೆಯ ಮುಂದೆ ಹುಡುಗಿ ಮೈಕಿನಲ್ಲಿ ಕ್ಷಮೆ ಕೇಳಬೇಕು. ಅಲ್ಲಿಗೆ ಮುಗಿಯಿತು, ಶಾಲೆ ಬಿಡಬೇಕಿಲ್ಲ ಎಂದು ತೀರ್ಮಾನವಾಯಿತು. ಹೊರಗೆ ಬಂದಾಗ ತಾಯಿಯ ಬೆನ್ನೆಲ್ಲ ಬೆವರು. ಗೆದ್ದೆ ಎಂದುಕೊಂಡಳು.

ದಾರಿಯಲ್ಲಿ ಮಗಳು ಫುಟ್‌ಪಾತಿನ ಅಂಚನ್ನೇ ನೋಡುತ್ತ ನಡೆದಳು. ಸಿಗ್ನಲಿನ ಹತ್ತಿರ ನಿಂತಾಗ, "ನಾನು ಒತ್ತಿಲ್ಲ" ಎಂದಳು.

"ಗೊತ್ತು ಕಂದ."

"ಯಾವಾಗಿಂದ ಗೊತ್ತು?"

"ಮೊದಲಿಂದಾನೂ ಗೊತ್ತು."

ಮಗಳು ಆ ಮಾತನ್ನು ಒಳಗೆ ಎಲ್ಲೋ ಇಟ್ಟು ನೋಡಿದಳು. ಅದು ಎಲ್ಲಿಯೂ ಕೂರಲಿಲ್ಲ. "ಗೊತ್ತಿದ್ರೂ ಒತ್ತಿದಾಳೆ ಅಂದೆ."

"ಅದು... ಅವರ ಸಿಟ್ಟು ಇಳೀಲಿ ಅಂತ. ಯಾರು ಒತ್ತಿದ್ದು, ನೋಡಿದ್ಯಾ?"

"ಬೂಟು ನೋಡಿದೆ. ಕಪ್ಪು ಬೂಟು, ಬಿಳಿ ಲೇಸು. ಮುಖ ನೋಡ್ಲಿಲ್ಲ."

ಶಾಲೆಯಲ್ಲಿ ಎಲ್ಲರದೂ ಕಪ್ಪು ಬೂಟು, ಬಿಳಿ ಲೇಸು. ಅಂದಿನಿಂದ ಮಗಳು ಮಾತು ಬಿಟ್ಟಳು. ಮುನಿಸೂ ಅಲ್ಲ, ಹಟವೂ ಅಲ್ಲ. ಕರೆದರೆ ಬರುವಳು, ಕೊಟ್ಟರೆ ತಿನ್ನುವಳು. ಬಾಟಲಿಗಳನ್ನು ಮಾತ್ರ ಮುಟ್ಟಲಿಲ್ಲ.

ಭಾನುವಾರ ಶಟರು ಅರ್ಧ ಇಳಿಯಿತು. ನಾಳೆಯ ಕ್ಷಮೆಯನ್ನು ಇವತ್ತು ಕನ್ನಡಿಯ ಮುಂದೆ ಅಭ್ಯಾಸ ಮಾಡಿಸಬೇಕು. ತಾಯಿ ಹೇಳಿಕೊಟ್ಟಳು: "ನಾನು ಗಂಟೆ ಒತ್ತಿದೆ. ನನ್ನಿಂದ ಒಂದು ಮಗುವಿಗೆ ಪೆಟ್ಟಾಯಿತು. ನನ್ನದು ತಪ್ಪಾಯ್ತು. ಇಷ್ಟೇ. ನಗಬೇಡ ಈ ಸಲ. ತಲೆ ಸ್ವಲ್ಪ ಬಗ್ಗಿಸು, ದನಿ ಕೆಳಗಿಳಿಸು."

ಮಗಳು ಒಮ್ಮೆ ಉಸಿರೆಳೆದುಕೊಂಡು ಹೇಳಿದಳು.

ಇಷ್ಟು ವರ್ಷ ಎಷ್ಟು ತಿದ್ದಿದರೂ ಎಲ್ಲೋ ಒಂದು ಕಡೆ ಸೋರುತ್ತಿತ್ತು. ತುಟಿ ಸರಿಯಾದರೆ ಕಣ್ಣು ಸರಿಯಿಲ್ಲ, ಕಣ್ಣು ಸರಿಯಾದರೆ ದನಿ ವಾರ್ತೆ ಓದಿದ ಹಾಗೆ. ಇವತ್ತು ಎಲ್ಲವೂ ಬಂತು. ತಲೆ ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗಿತು. 'ಪೆಟ್ಟಾಯಿತು' ಎನ್ನುವಲ್ಲಿ ದನಿ ಸಣ್ಣಗೆ ನಡುಗಿತು. ಕಣ್ಣಲ್ಲಿ ನೀರು ಕೂಡ ಬಂದಂತಿತ್ತು. ಯಾರು ಕೇಳಿದರೂ ಈ ಹುಡುಗಿಯೇ ಒತ್ತಿದ್ದು ಎಂದು ಆಣೆ ಮಾಡಿ ಹೇಳುತ್ತಿದ್ದರು.

"ಸರಿ ಬಂತಾ?" ಎಂದಳು ಮಗಳು. ಬಂದ ಮುಖ ಅಷ್ಟೇ ಬೇಗ ಹೋಗಿತ್ತು.

ಹುಬ್ಬಿನಕ್ಕನಿಗೆ ಹೆದರಿಕೆಯಾಯಿತು. ಕನ್ನಡಿಯಲ್ಲಿ ಅವಳದೂ ಮಗಳದೂ ಎರಡು ಮುಖ ಪಕ್ಕಪಕ್ಕ ಇದ್ದವು. ಈ ಹುಡುಗಿಗೆ ಸುಳ್ಳು ಬಾರದು ಎಂಬುದೊಂದೇ ತಾಯಿಗೆ ಲೋಕದ ವಿರುದ್ಧ ಇದ್ದ ಧೈರ್ಯ. ಅದನ್ನೂ ತಾನೇ ಕೂತು, ಕೂದಲು ಕಿತ್ತ ಹಾಗೆ ಒಂದೊಂದಾಗಿ ಕಿತ್ತುಹಾಕಿದ್ದಳು. ನಾಳೆ ಯಾರು ಏನು ಮಾಡಿ ಇವಳ ತಲೆಗೆ ಕಟ್ಟಿದರೂ ಇವಳು ತಲೆ ಬಗ್ಗಿಸಿ ಒಪ್ಪಿಕೊಳ್ಳುತ್ತಾಳೆ. ಬರೀ ಗಂಟೆಯ ವಿಷಯವೇ? ಹೆಣ್ಣುಮಗಳು. ಮುಂದೆ ಎಂಥೆಂಥವರು ಬಂದು ಹುಬ್ಬು ಗಂಟಿಕ್ಕುತ್ತಾರೋ. ಕುರ್ಚಿಯ ಕೈ ಹಿಡಿದುಕೊಂಡಳು.

"ಬೇಡ," ಎಂದಳು. "ಇದನ್ನ ಹೇಳ್ಬೇಡ. ನಂದು ತಪ್ಪಾಯ್ತು ಮಗಳೇ. ನಿನ್ನ ಮೇಲೆ ನಾನು ಹಾಗೆ ಹೇಳ್ಬಾರ್ದಿತ್ತು."

ಮಗಳು ಕನ್ನಡಿಯಲ್ಲೇ ತಾಯಿಯ ಎರಡು ಹುಬ್ಬಿನ ನಡುವೆ ನೋಡಿದಳು.

"ಇದು ಯಾವುದು? ನಿಜವಾದ ತಪ್ಪಾಯ್ತಾ, ಸಿಟ್ಟು ಇಳಿಸೋದಾ?"

ಕೊಂಕು ಇರಲಿಲ್ಲ ಆ ಪ್ರಶ್ನೆಯಲ್ಲಿ. ತಿಳಿದುಕೊಳ್ಳಬೇಕಿತ್ತು, ಕೇಳಿದಳು, ಅಷ್ಟೇ.

"ನಿಜವಾದದ್ದು ಕಂದ. ಆಣೆ ಮಾಡ್ತೀನಿ."

"ಹೇಗೆ ಗೊತ್ತಾಗತ್ತೆ? ಮುಖ ಒಂದೇ ಥರ ಇದೆ."

ಹುಬ್ಬಿನಕ್ಕ ಕನ್ನಡಿ ನೋಡಿಕೊಂಡಳು. ಹೌದು, ಒಂದೇ ಥರ ಇತ್ತು. ಬಾಡಿಗೆ ಕೇಳಲು ಬಂದವನಿಗೆ, ಕ್ರೀಮು ಉರಿಯಿತು ಎಂದು ರೇಗಿದವಳಿಗೆ ತೋರಿಸಿದ್ದ ಅದೇ ಮುಖ. ಬೇರೆಯದು ಅವಳ ಹತ್ತಿರ ಇರಲಿಲ್ಲ. ಅಳು ಉಕ್ಕಿ ಬಂತು. ಮಗಳು ಅದನ್ನೂ ಸುಮ್ಮನೆ ನೋಡಿದಳು.

"ನಾಳೆ ಮೈಕಿನ ಹತ್ರ ನಾನು ಹೋಗ್ತೀನಿ," ಎಂದಳು ತಾಯಿ ಕೊನೆಗೆ. "ನೀನು ಒತ್ತಿಲ್ಲ ಅಂತ ಹೇಳ್ತೀನಿ."

"ಮೇಡಂ ಹುಬ್ಬು ಹತ್ತಿರ ಬರುತ್ತೆ."

"ಬರ್ಲಿ."

"ಶಾಲೆ ಬಿಡಿಸ್ತಾರಾ?"

'ಇಲ್ಲ ಕಂದ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡಳು. "ಬಿಡಿಸಿದ್ರೂ ಬಿಡಿಸ್ಬೋದು."

ಮಗಳು ತಲೆಯಾಡಿಸಲಿಲ್ಲ, ಬೇಡವೆಂದೂ ಅನ್ನಲಿಲ್ಲ. "ಹೇಳಿದ ಮೇಲೆ ಗೊತ್ತಾಗತ್ತೆ" ಎಂದು ಎದ್ದುಹೋದಳು.

ಸೋಮವಾರ ಬೆಳಿಗ್ಗೆ ಮೈದಾನದಲ್ಲಿ ಮಕ್ಕಳು ಸಾಲುಗಟ್ಟಿ ನಿಂತಿದ್ದರು. ಹುಡುಗಿಯ ಬದಲು ತಾಯಿ ವೇದಿಕೆ ಹತ್ತಿದ್ದು ನೋಡಿ ಮೇಡಂ, "ಅವಳೇ ಹೇಳ್ಬೇಕಮ್ಮ" ಎಂದರು. "ಒಂದು ನಿಮಿಷ ಮೇಡಂ" ಎಂದು ಹುಬ್ಬಿನಕ್ಕ ಮೈಕು ಹಿಡಿದಳು. ತುಟಿ ತಾನಾಗಿ ಅಗಲವಾಗಲು ಹೊರಟಿತ್ತು, ಕಚ್ಚಿ ಹಿಡಿದಳು. ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಬಾಯಿ ತೆರೆದ ಕೂಡಲೇ ಮೈಕು ಕೀಂಯ್ ಎಂದು ಚೀರಿತ್ತು. ಕಣ್ಣು ತೆರೆದು ನೋಡಿದರೆ ಮಗಳು ಸಾಲಿನ ನಡುವೆ ಎರಡೂ ಕಿವಿ ಮುಚ್ಚಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದಳು. ಬದುಕಿನಲ್ಲಿ ಒಮ್ಮೆ ಆಡಿದ ಮಾತು, ಕೇಳಬೇಕಾದವಳ ಕಿವಿಗೇ ಬಿದ್ದಿರಲಿಲ್ಲ. ಈ ಕಡೆ ಮೇಡಂ ಕೈ ಚಾಚಿದ್ದರು, "ಏನಿದು? ಮೊನ್ನೆ ನೀವೇ ಒಪ್ಕೊಂಡ್ರಿ! ಸಾಕು, ಕೊಡಿ ಇಲ್ಲಿ." ಹುಬ್ಬುಗಳು ಎರಡೂ ಸೇರಿ ಒಂದೇ ಗೆರೆಯಾಗಿದ್ದವು.

ಹುಬ್ಬಿನಕ್ಕ ಮೈಕನ್ನು ಅವರ ಕೈಗೇ ಕೊಟ್ಟಳು. ವೇದಿಕೆ ಇಳಿದು, ಸಾಲು ಸಾಲು ದಾಟಿ, ಮಗಳ ಮುಂದೆ ಹೋಗಿ ನಿಂತಳು. ಮುಟ್ಟಲಿಲ್ಲ, ಅವಸರ ಮಾಡಲಿಲ್ಲ. ಹಿಂದಿನಿಂದ ಮೇಡಂ ಕರೆಯುತ್ತಲೇ ಇದ್ದರು. ಮಗಳು ಮೊದಲು ಒಂದು ಕಿವಿಯಿಂದ, ಆಮೇಲೆ ಇನ್ನೊಂದರಿಂದ ಕೈ ತೆಗೆಯುವವರೆಗೆ ಕಾದು, ಎಲ್ಲರಿಗೂ ಕೇಳಿಸುವಷ್ಟು ದನಿಯಲ್ಲಿ ಇನ್ನೊಮ್ಮೆ ಹೇಳಿದಳು:

"ನನ್ನ ಮಗಳು ಆ ಗಂಟೆ ಒತ್ತಿಲ್ಲ. ಒತ್ತಿದಳು ಅಂತ ಸುಳ್ಳು ಹೇಳಿದ್ದು ನಾನು."