ಮೊದಲನೇ ಹಿಡಿ

ಟಣ್ ಎಂದಿತು, ಮತ್ತೆ ಬೀಸುವ ಕಲ್ಲಿನ ಗೂಟಕ್ಕೆ ತಾಗಿತು ಕೊರಳಲ್ಲಿನ ಈ ಹಾಳು ಬೆಳ್ಳಿ ಕರಡಿಗೆ — ಛೆ, ಒಳಗೆ ಲಿಂಗವಿದೆ, ಹಾಗೆನ್ನಬಾರದು, ಕಲ್ಯಾಣಮ್ಮ ನಾಲಿಗೆ ಕಚ್ಚಿಕೊಂಡಳು, ಬೈಯಬೇಕಾದ್ದು ತನ್ನನ್ನೇ, ಇಪ್ಪತ್ತು ವರ್ಷ ಬಟ್ಟೆಯ ಗಂಟಿನಲ್ಲಿ ಕಟ್ಟಿಕೊಂಡಿದ್ದಾಗ ಒಮ್ಮೆಯಾದರೂ ಸದ್ದು ಮಾಡಿತ್ತೇ ಲಿಂಗ, ಒಂದು ಹಿಡಿ ಜೋಳ ಕಲ್ಲಿಗೆ, ಅದಕ್ಕೂ ಮೊದಲು ಒಂದು ಹಿಡಿ ಮೂಲೆಯ ಗಡಿಗೆಗೆ, ಅತ್ತೆ ಪಾರ್ವತೆಮ್ಮ ಹಾಕಿಕೊಟ್ಟ ರೂಢಿ, ಬೀಸಾಕ ಕುಂತಾಗ ಮೊದಲನೇ ಹಿಡಿ ನಮ್ಮದಲ್ಲ ಯವ್ವಾ, ಬಾಗಿಲಿಗೆ ಬಂದೋರದು, ಅದನ್ನ ಮುಟ್ಟಬ್ಯಾಡ, ಸಾಯುವ ದಿನವೂ ಮುದುಕಿ ಅದನ್ನೇ ಹೇಳಿದ್ದಳು, ವರ್ಷವಿಡೀ ತುಂಬಿದ ಗಡಿಗೆಯನ್ನು ಶ್ರಾವಣದ ಕಡೆಯ ಸೋಮವಾರ ಹಂಚುವುದು, ಜಂಗಮರಿಗೂ, ಪಕ್ಕದ ಮನೆಯ ಕರೀಮಾಬಿಗೂ — ಇವತ್ತೇ ಆ ಸೋಮವಾರ, ಗಡಿಗೆಯಲ್ಲಿ ಹತ್ತು ದಿನದ ಹತ್ತು ಹಿಡಿಯೂ ಇಲ್ಲ. ಸಿಂಧನೂರಿನ ಆ ಮದುವೆಗೆ ಹೋಗಲೇಬಾರದಿತ್ತು, ಬೀಗರ ಹೆಂಗಸರ ಎದೆಯ ಮೇಲೆಲ್ಲ ಬೆಳ್ಳಿ, ತಾನು ಊಟದ ಪಂಕ್ತಿಯಲ್ಲೂ ಸೆರಗು ಎಳೆದು ಬಟ್ಟೆಯ ಗಂಟು ಮುಚ್ಚಿಕೊಂಡು ಕೂತದ್ದು, ಮನೆಗೆ ಬಂದು ಗಂಡ ಅಮರಗುಂಡಪ್ಪನ ಮುಂದೆ ಮುಖ ಊದಿಸಿದ್ದು, ಲಡಾಯಿ ಬಂದು ಜ್ವಾಳ ತುಟ್ಟಿ ಆಗೇತಿ, ನಿನ್ನ ಹಳೇ ಕಡಗದ ಜೋಡಿ ಆ ಗಡಗಿ ಜ್ವಾಳಾನೂ ಮಾರಿ ಹಾಕಿದ್ರ ಲಿಂಗಸುಗೂರಾಗ ಕರಡಿಗಿ ಸಿಗತೈತಿ, ಆದ್ರ ನೀನ ಹೇಳಬೇಕು, ಎಂದಿದ್ದ ಅವನು, ಎಷ್ಟು ಜಾಣ, ಹಾಕ್ರಿ ಎಂದವಳು ತಾನೇ, ಯಾರನ್ನು ದೂರುವುದು, ತಂಗಿ ಜರಿಸೀರೆ ಕೊಂಡಾಗ ಉಡೋದಕ್ಕಿಂತ ಉಣಿಸೋದು ದೊಡ್ಡದು ಎಂದು ಬುದ್ಧಿ ಹೇಳಿದ ಬಾಯಿಯೂ ಇದೇ.

ಬೆಳಿಗ್ಗೆ ಕರೀಮಾಬಿ ಹೊಸ್ತಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬೋಗಾಣಿ, ಬಾಯಿ ಮೇಲಾಗಿ, ಅವಳ ಗಂಡ ಕರೀಂಸಾಬ್ ಹಟ್ಟಿಯ ಗಣಿಗೆ ಹೋಗಿ ಮೂರು ತಿಂಗಳಾಯಿತು, ಸುದ್ದಿಯಿಲ್ಲ, ಅಕ್ಕಾ ಇವತ್ತು ಸೋಮವಾರಲ್ರೀ, ಎಂದಳು, ಈ ವರ್ಷ ಇಲ್ಲವ್ವಾ, ಸರ್ಕಾರದ ಲೇವಿಯವರು ಬಂದು ಕಾಳು ಬಳಕೊಂಡು ಹೋದ್ರು — ತನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಸುಳ್ಳು, ಯಾವ ಲೇವಿ, ಯಾರು ಬಂದಿದ್ದರು, ಕರೀಮಾಬಿ ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು, ಇರಲಿ ಬಿಡ್ರಿ ಅಕ್ಕಾ, ಕೊಳ್ಳಾಗಿಂದು ಚಲೋ ಒಪ್ಪೇತಿ ನಿಮಗ, ಎಂದು ಮನಸ್ಸಿನಿಂದಲೇ ಹೇಳಿ, ಬೋಗಾಣಿಯ ಬಾಯಿ ಒಳಗಡೆಗೆ ತಿರುಗಿಸಿ ಸೊಂಟಕ್ಕೆ ಒತ್ತಿಕೊಂಡು ಹೋದಳು, ಓಣಿಯವರಿಗೆ ಅದು ಖಾಲಿಯೆಂದು ಕಾಣಬಾರದು ಅಂತ, ಕೊಡದವಳ ಮಾನ ಹೋಗಬಾರದು ಅಂತ. ತಡೆಯಲಾಗಲಿಲ್ಲ, ಮನೆಯ ಬುಟ್ಟಿಯ ಜೋಳವನ್ನೇ ಮೊರದ ತುಂಬ ತೆಗೆದುಕೊಂಡು ಓಡಿದ್ದಾಯಿತು, ತಗೋಳವ್ವಾ ಎಂದರೆ, ಬ್ಯಾಡ್ರೀ ಅಕ್ಕಾ, ಲೇವಿಯವರು ಒಯ್ದ ಮ್ಯಾಲೆ ಉಳಿದಿದ್ದು ಇಷ್ಟ ಇದ್ದೀತು, ನಿಮ್ಮ ಮಕ್ಕಳ ಬಾಯಾಗಿಂದು ಕಸಗೊಂಡು ನಾ ಹೆಂಗ ಉಣ್ಣಲಿ, ಒಳಗೆ ಮಗು ಅಳುತ್ತಿತ್ತು, ಲೇವಿ ಸುಳ್ಳು, ನಿನ್ನ ಜೋಳ ನನ್ನ ಕೊರಳಲ್ಲಿದೆ, ಇಷ್ಟು ಹೇಳಿದ್ದರೆ ಅವಳು ಮೊರಕ್ಕೆ ಕೈ ಹಾಕುತ್ತಿದ್ದಳು, ಬಾಯಿ ಬರಲಿಲ್ಲ, ಸುಳ್ಳು ಹೇಳಿದ ಬಾಯಿಗೆ ಏನಾಗಿತ್ತು, ಮೊರ ಹೊತ್ತುಕೊಂಡು ತಿರುಗಿ ಬಂದಳು.

ಅದೇ ಜೋಳ ಈಗ ಕಲ್ಲಿನಲ್ಲಿ, ಟಣ್, ಎದ್ದು ಹೋಗಿ ಹೇಳಬೇಕು, ಈ ಹಿಡಿ ಬೀಸಿದ ಮೇಲೆ, ಇಲ್ಲ, ಇದೊಂದು ಹಿಡಿ, ಟಣ್, ಏಳಬೇಕೆಂದು ಕೈ ಊರಿದರೆ ಸಾಕು, ಎದುರಿಗೆ ಸೊಂಟಕ್ಕೆ ಒತ್ತಿಕೊಂಡ ಆ ಬೋಗಾಣಿ, ಬಾಯಿ ಒಳಗಡೆಗೆ, ಕೈ ತಿರುಗಿ ಗೂಟಕ್ಕೇ, ಆ ಬೋಗಾಣಿ —